ಬೆಳ್ಳಿ ಮುಖವಾಡದ ಹಿಂದಿನ ಲೇಸು: ಹೊಲಿಗೆಯವಳು ನೋಡಿದ ಸಾಂತೋ ಸಿನಿಮಾ

ಸಿನಿಮಾ ನೋಡುವಾಗ ಎಲ್ಲರೂ ಹೀರೋನ ಮುಖ ನೋಡುತ್ತಾರೆ. ನಾನು ಮೊದಲು ನೋಡಿದ್ದು ಅವನ ತಲೆಯ ಹಿಂಭಾಗವನ್ನು. ಅಲ್ಲಿ ಲೇಸು ಇದೆ. ಬೂಟಿಗೆ ಕಟ್ಟುವಂಥದ್ದೇ ಲೇಸು. ಅಡ್ಡಡ್ಡ ಹೆಣೆದುಕೊಂಡು ಕತ್ತಿನವರೆಗೆ ಇಳಿದು ಅಲ್ಲಿ ಗಂಟಾಗುತ್ತದೆ. ಮುಂದೆ ಎಷ್ಟೇ ಗಂಭೀರವಾಗಿ ನಿಂತಿದ್ದರೂ, ಹಿಂದಿನಿಂದ ನೋಡಿದರೆ ಈ ಮನುಷ್ಯನ ತಲೆ ಒಂದು ಬೂಟಿನ ಹಾಗೆ ಕಾಣುತ್ತದೆ. ನಗು ಬಂತು. ಆಮೇಲೆ ಅದೇ ಲೇಸು ನನ್ನನ್ನು ಎರಡು ವಾರ ನಿದ್ದೆಗೆಡಿಸಿತು.

ಇಪ್ಪತ್ತಾರು ವರ್ಷದಿಂದ ನನ್ನದು ಹೊಲಿಗೆ ಕೆಲಸ. ರವಿಕೆ, ಶಾಲೆ ಮಕ್ಕಳ ಸಮವಸ್ತ್ರ, ಬಿಡುವಿದ್ದಾಗ ಹವ್ಯಾಸಿ ನಾಟಕದವರ ವೇಷ. ನಾಟಕದ ಹುಡುಗನೊಬ್ಬ ಬಂದು, "ಅಕ್ಕಾ, ಬೆಳ್ಳಿ ಬಣ್ಣದ ಮುಖವಾಡ ಬೇಕು. ಪೂರ್ತಿ ತಲೆ ಮುಚ್ಚಬೇಕು, ಆದ್ರೆ ಡೈಲಾಗ್ ಕೇಳಿಸಬೇಕು" ಅಂದ. ಫೋನಿನಲ್ಲಿ ಒಂದು ಫೋಟೋ ತೋರಿಸಿದ. ಕಪ್ಪು ಬಿಳುಪು ಫೋಟೋ, ಹೆಗಲ ಮೇಲೆ ಕೇಪು, ಮುಖದ ತುಂಬ ಹೊಳೆಯುವ ಬಟ್ಟೆ. ಯಾರಪ್ಪಾ ಇವನು ಅಂತ ಕೇಳಿದೆ. "ಸಾಂತೋ. ಮೆಕ್ಸಿಕೋದ ಕುಸ್ತಿ ಪೈಲ್ವಾನ್. ಸಿನಿಮಾ ನೋಡಿ, ಗೊತ್ತಾಗುತ್ತೆ" ಅಂದ. ಅಳತೆ ತೆಗೆಯಲು ಹೋದವಳು ಹೀಗೆ ಸಿನಿಮಾಗೆ ಸಿಕ್ಕಿಹಾಕಿಕೊಂಡೆ.

ನಾನು ನೋಡಿದ್ದು 1962ರ ಚಿತ್ರ, 'ಸಾಂತೋ ವರ್ಸಸ್ ಲಾಸ್ ಮುಹೇರೆಸ್ ವಾಂಪಿರೋ'. ಅಂದರೆ ಸಾಂತೋ ಮತ್ತು ರಕ್ತ ಹೀರುವ ಹೆಂಗಸರ ನಡುವಿನ ಜಗಳ. ನಿರ್ದೇಶಕ ಅಲ್ಫೋನ್ಸೋ ಕೊರೋನಾ ಬ್ಲೇಕ್. ಒಟ್ಟು ಒಂದೂವರೆ ಗಂಟೆಯ ಸಿನಿಮಾ. ಸಾಂತೋ ಐವತ್ತಕ್ಕಿಂತ ಹೆಚ್ಚು ಚಿತ್ರ ಮಾಡಿದ್ದಾರೆ. ಮೊದಲು ಯಾವುದು ನೋಡಬೇಕು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಕತೆ ಸರಳ. ಇನ್ನೂರು ವರ್ಷ ಮಲಗಿದ್ದ ರಕ್ತಪಿಶಾಚಿ ಹೆಂಗಸರು ಒಂದು ಪಾಳು ಬಂಗಲೆಯಲ್ಲಿ ಏಳುತ್ತಾರೆ. ಅವರ ರಾಣಿ ಸೋರಿನಾಗೆ ತನ್ನ ಜಾಗಕ್ಕೆ ಇನ್ನೊಬ್ಬಳು ಬೇಕು. ಆ ಇನ್ನೊಬ್ಬಳು ದಿಯಾನಾ, ಪ್ರೊಫೆಸರ್ ಓರ್ಲೋಫ್ ಅವರ ಮಗಳು. ಅವಳಿಗೆ ಇಪ್ಪತ್ತೊಂದು ತುಂಬುವ ಹೊತ್ತಿಗೆ ಹೊತ್ತುಕೊಂಡು ಹೋಗಬೇಕು. ಅಪ್ಪ ಪೊಲೀಸರಿಗೆ ಹೇಳುತ್ತಾರೆ, ಪೊಲೀಸರ ಕೈಯಲ್ಲಿ ಏನೂ ಆಗೋದಿಲ್ಲ, ಕೊನೆಗೆ ಸಾಂತೋನನ್ನು ಕರೆಯುತ್ತಾರೆ. ಅಷ್ಟೇ. ಮುಂದೇನಾಗುತ್ತದೆ ಅಂತ ನಿಮಗೇ ಗೊತ್ತು.

ಆದರೆ ಶುರುವಿನ ಭಾಗ ಚೆನ್ನಾಗಿದೆ, ಸುಮ್ನೆ ಹೇಳುತ್ತಿಲ್ಲ. ಜೇಡರ ಬಲೆ, ಧೂಳು, ಸಾಲಾಗಿ ನಿಲ್ಲಿಸಿದ ಶವಪೆಟ್ಟಿಗೆಗಳು. ಮೊದಲು ಏಳುವವಳು ತುಂದ್ರಾ, ರಾಣಿಯ ಬಲಗೈ. ಅವಳ ಮುಖ ಬಿಸಿಲಿಗೆ ಬಿಟ್ಟ ಹುಣಸೆಹಣ್ಣಿನ ಹಾಗೆ ಸುಕ್ಕುಗಟ್ಟಿದೆ. ಹತ್ತಿರದಿಂದ ನೋಡಿದರೆ ಅಂಟು ಹಚ್ಚಿ ಕಾಗದ ಮೆತ್ತಿದ್ದು ಗೊತ್ತಾಗುತ್ತದೆ ಅಂತ ನನ್ನ ಅನುಮಾನ, ನಾಟಕದ ಗ್ರೀನ್ ರೂಮಿನಲ್ಲಿ ಓಡಾಡಿದವರಿಗೆ ಇಂಥದ್ದೆಲ್ಲ ಕಣ್ಣಿಗೆ ಬೀಳುತ್ತದೆ. ಆಮೇಲೆ ಅವಳು ಚೆಲುವೆಯಾಗುತ್ತಾಳೆ. ಆ ಬದಲಾವಣೆ ಒಂದೇ ಏಟಿಗೆ ಆಗುತ್ತದೆ, ನೋಡೋದಕ್ಕೆ ಖುಷಿ. ಉಡುಪಂತೂ ನನಗೆ ತುಂಬ ಹಿಡಿಸಿತು. ತೆಳು ಬಟ್ಟೆ, ನೆರಿಗೆ ಜಾಸ್ತಿ, ಭುಜದಿಂದ ಸಡಿಲವಾಗಿ ಇಳಿಬಿಟ್ಟಿದ್ದಾರೆ. ಇಂಥ ಬಟ್ಟೆ ನಿಂತಾಗ ಚೆನ್ನಾಗಿ ಕಾಣೋದಿಲ್ಲ, ನಡೆದಾಗ ಕಾಣುತ್ತದೆ. ನಿರ್ದೇಶಕರಿಗೆ ಅದು ಗೊತ್ತಿತ್ತೋ ಏನೋ, ಆ ಹೆಂಗಸರನ್ನು ಮೆಟ್ಟಿಲ ಮೇಲೆ, ಕಂಬಗಳ ನಡುವೆ ನಡೆಸುತ್ತಲೇ ಇರುತ್ತಾರೆ.

ಸೋರಿನಾ ಪಾತ್ರದಲ್ಲಿ ಲೋರೆನಾ ವೆಲಾಸ್ಕೆಸ್. ಕತ್ತು ನೆಟ್ಟಗೆ, ಹುಬ್ಬು ಮೇಲಕ್ಕೆ, ಮಾತು ಕಡಿಮೆ. ಚಿತ್ರದಲ್ಲಿ ನಿಜವಾಗಿ ನಟಿಸಿದವರು ಇವರೊಬ್ಬರೇ ಅಂದರೂ ತಪ್ಪಿಲ್ಲ. ಮುಂದಿನ ವರ್ಷವೇ ಬಂದ ಇನ್ನೊಂದು ಚಿತ್ರದಲ್ಲಿ ಇವರೇ ಕುಸ್ತಿ ಹೆಂಗಸಾಗಿ ರಿಂಗಿಗೆ ಇಳಿಯುತ್ತಾರೆ.

ಈಗ ದೂರು. ಹೀರೋ ಬರೋದು ತಡ. ತುಂಬಾನೇ ತಡ. ಅಲ್ಲಿಯವರೆಗೆ ಪ್ರೊಫೆಸರು ಹಳೆಯ ಬರಹ ಓದುತ್ತಾರೆ, ಇನ್‌ಸ್ಪೆಕ್ಟರು ತಲೆ ಅಲ್ಲಾಡಿಸುತ್ತಾರೆ, ದಿಯಾನಾ ಹೆದರುತ್ತಾಳೆ, ಮತ್ತೆ ಪ್ರೊಫೆಸರು ಓದುತ್ತಾರೆ. ನಾನು ಆ ಹೊತ್ತಿನಲ್ಲಿ ಎರಡು ರವಿಕೆಗೆ ಹುಕ್ಕು ಹಾಕಿ ಮುಗಿಸಿದೆ. ದಿಯಾನಾಳ ಭಾವೀ ಪತಿ ಅಂತ ಒಬ್ಬ ಇದ್ದಾನೆ, ಅವನ ಕೋಟಿನ ಹೊರತು ಅವನ ಬಗ್ಗೆ ನನಗೆ ಏನೂ ನೆನಪಿಲ್ಲ. ಕೋಟು ಚೆನ್ನಾಗಿತ್ತು.

ಪ್ರೊಫೆಸರ ಹತ್ತಿರ ಟಿವಿಯಂಥ ಒಂದು ಯಂತ್ರ ಇದೆ. ಅದನ್ನು ಚಾಲು ಮಾಡಿದರೆ ಪರದೆಯಲ್ಲಿ ಸಾಂತೋ ಬರುತ್ತಾನೆ, ಇಬ್ಬರೂ ಮುಖ ನೋಡಿಕೊಂಡೇ ಮಾತಾಡುತ್ತಾರೆ. 1962ರಲ್ಲಿ! ನಾವು ಈಗ ದಿನಾ ಮಾಡುವ ವಿಡಿಯೋ ಕಾಲು. ಒಂದೇ ವ್ಯತ್ಯಾಸ ಅಂದರೆ, ಸಾಂತೋ ಮನೆಯಲ್ಲಿದ್ದಾಗಲೂ ಮುಖವಾಡ ಹಾಕಿಕೊಂಡೇ ಕರೆ ಎತ್ತುತ್ತಾನೆ.

ಇಲ್ಲೇ ಸಿನಿಮಾದ ಗುಟ್ಟು ಇರೋದು. ಅವನು ಮುಖವಾಡ ಹಾಕಿದ್ದಾನೆ ಅಂತ ಚಿತ್ರದಲ್ಲಿ ಯಾರೂ ಬೆರಗಾಗೋದಿಲ್ಲ. ತೆರೆದ ಕಾರಿನಲ್ಲಿ ಕೇಪು ಹಾರಿಸಿಕೊಂಡು ಹೋಗುತ್ತಾನೆ, ಯಾರೂ ತಿರುಗಿ ನೋಡೋದಿಲ್ಲ. ಪೊಲೀಸರ ಜೊತೆ ನಿಂತು ಮಾತಾಡುತ್ತಾನೆ, ಅವರು ಮಾಮೂಲಿ ಮನುಷ್ಯನ ಜೊತೆ ಮಾತಾಡಿದ ಹಾಗೇ ಮಾತಾಡುತ್ತಾರೆ. ಹಗಲಲ್ಲಿ ಬೇರೆ ಹೆಸರಿನ ಬೇರೆ ಕೆಲಸದವನು, ರಾತ್ರಿ ವೇಷ ಹಾಕುತ್ತಾನೆ ಅನ್ನುವ ಕತೆಯೇ ಇಲ್ಲ. ಅವನಿಗೆ ಇನ್ನೊಂದು ಹೆಸರೇ ಇಲ್ಲ. ವೇಷ ಕಳಚುವ ಗ್ರೀನ್ ರೂಮೇ ಇಲ್ಲದ ನಟ ಅಂದುಕೊಳ್ಳಿ.

ಕುಸ್ತಿ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಮೆಕ್ಸಿಕೋದ ಈ ಕುಸ್ತಿಗೆ ಲೂಚಾ ಲಿಬ್ರೆ ಅನ್ನುತ್ತಾರೆ. ಮೂರು ಸುತ್ತಿನಲ್ಲಿ ಎರಡು ಗೆದ್ದವನು ಗೆದ್ದ ಹಾಗೆ. ಪೈಲ್ವಾನರಲ್ಲಿ ಎರಡು ಪಂಗಡ. ನಿಯಮ ಪಾಲಿಸಿ, ಚಂದದ ಪಟ್ಟು ಹಾಕುವವರು ತೆಕ್ನಿಕೋಗಳು. ಮೋಸ ಮಾಡಿ, ಕಚ್ಚಿ, ಜನರಿಂದ ಬೈಸಿಕೊಳ್ಳುವವರು ರೂದೋಗಳು. ಸಿನಿಮಾದಲ್ಲಿ ಕತೆಯನ್ನು ಪಕ್ಕಕ್ಕಿಟ್ಟು ಇಡೀ ಕುಸ್ತಿಯನ್ನೇ ತೋರಿಸುತ್ತಾರೆ. ಕ್ಯಾಮೆರಾ ದೂರದಲ್ಲಿ ನಿಂತು ಸುಮ್ಮನೆ ನೋಡುತ್ತದೆ. ಮೊದಲ ಸಲ ನನಗೆ ಬೇಜಾರಾಯಿತು, ಇಷ್ಟುದ್ದ ಯಾಕೆ ಅಂತ. ಆಮೇಲೆ ಕಾರಣ ತಿಳಿಯಿತು. 1950ರ ದಶಕದಲ್ಲಿ ಮೆಕ್ಸಿಕೋ ನಗರದಲ್ಲಿ ಟಿವಿಯಲ್ಲಿ ಕುಸ್ತಿ ತೋರಿಸುವುದನ್ನು ನಿಲ್ಲಿಸಿಬಿಟ್ಟಿದ್ದರು. ಅಖಾಡಕ್ಕೆ ಹೋಗಲಾಗದವರಿಗೆ, ಸಣ್ಣ ಊರುಗಳಲ್ಲಿ ಇದ್ದವರಿಗೆ ಕುಸ್ತಿ ಕಾಣಿಸುತ್ತಿದ್ದ ಜಾಗ ಸಿನಿಮಾ ಟಾಕೀಸು. ಪಿಶಾಚಿ ಕತೆ ಅವರಿಗೆ ಉಪ್ಪಿನಕಾಯಿ, ಕುಸ್ತಿಯೇ ಊಟ. ಹಾಗೆ ಅಂದುಕೊಂಡು ಎರಡನೇ ಸಲ ನೋಡಿದೆ. ಈ ಸಲ ಕೈಯಲ್ಲಿ ಹುಕ್ಕು ಸೂಜಿ ಇರಲಿಲ್ಲ.

ಎರಡನೇ ಸಲ ನೋಡಿದಾಗಲೇ ಆ ದೃಶ್ಯ ಸರಿಯಾಗಿ ಅರ್ಥವಾಗಿದ್ದು. ಸಾಂತೋನ ಎದುರು ಕುಸ್ತಿ ಆಡಬೇಕಾದವನೂ ಮುಖವಾಡದವನು. ಪಿಶಾಚಿಗಳ ಬಂಟನೊಬ್ಬ ಆ ಪೈಲ್ವಾನನನ್ನು ಮುಗಿಸಿ, ಅವನ ಮುಖವಾಡ ತಾನು ಹಾಕಿಕೊಂಡು ರಿಂಗಿಗೆ ಬರುತ್ತಾನೆ. ಜನರಿಗೆ ಗೊತ್ತಿಲ್ಲ, ರೆಫರಿಗೆ ಗೊತ್ತಿಲ್ಲ. ಕುಸ್ತಿ ಶುರುವಾಗುತ್ತದೆ. ಇವನು ಆಡುವ ರೀತಿಯೇ ಬೇರೆ, ಪಟ್ಟು ಹಾಕೋದಿಲ್ಲ, ಕೊಲ್ಲಲು ನೋಡುತ್ತಾನೆ. ಸಾಂತೋಗೆ ಏನೋ ಎಡವಟ್ಟು ಅನ್ನಿಸುತ್ತದೆ. ಎಳೆದಾಟದಲ್ಲಿ ಎದುರಾಳಿಯ ಮುಖವಾಡ ಕಿತ್ತು ಬರುತ್ತದೆ. ಒಳಗೆ ತೋಳದ ಮುಖ. ಕೂದಲು, ಕೋರೆಹಲ್ಲು, ಎಲ್ಲ. ಜನ ಕಿರುಚುತ್ತಾರೆ. ಅವನು ಬಾವಲಿಯಾಗಿ ಹಾರಿಹೋಗುತ್ತಾನೆ. ಬಾವಲಿ ದಾರದಲ್ಲಿ ತೂಗಾಡುವ ಆಟಿಕೆ, ಅದರ ಬಗ್ಗೆ ಏನೂ ಹೇಳೋದು ಬೇಡ.

ಈಗ ನೋಡಿ. ಈ ಚಿತ್ರದಲ್ಲಿ ಬರಿ ಮುಖದವರಲ್ಲಿ ಯಾರನ್ನು ನಂಬಬಹುದು? ಚೆಲುವೆಯರ ಮುಖದ ಹಿಂದೆ ಇನ್ನೂರು ವರ್ಷದ ಒಣಗಿದ ಹೆಣ. ಕುಸ್ತಿಯವನ ಮುಖದಲ್ಲಿ ತೋಳ. ಪೊಲೀಸರದು ಒಳ್ಳೆಯ ಮುಖವೇ, ಆದರೆ ಪ್ರಯೋಜನಕ್ಕೆ ಬಾರದ ಮುಖ. ಬಂದಾಗಿನಿಂದ ಕೊನೆಯವರೆಗೆ ಬದಲಾಗದೆ ಉಳಿಯೋದು ಒಂದೇ ಮುಖ, ಅದು ಬಟ್ಟೆಯದು. ಕಣ್ಣಿನ ಎರಡು ತೂತು, ಮೂಗಿಗೆ ಒಂದು, ಬಾಯಿಗೆ ಒಂದು. ಹುಬ್ಬು ಏರಿಸಲು ಬರೋದಿಲ್ಲ, ಕೆನ್ನೆ ಕೆಂಪಾಗೋದಿಲ್ಲ. ಆದರೂ ನೋಡುವವರಿಗೆ ಆ ಮುಖವೇ ಧೈರ್ಯ ಕೊಡುತ್ತದೆ. ಬಟ್ಟೆಯನ್ನು ಇಷ್ಟು ನಂಬಿದ ಸಿನಿಮಾವನ್ನು ನಾನು ಬೇರೆ ನೋಡಿಲ್ಲ. ವೇಷ ಹೊಲಿಯುವವಳಿಗೆ ಅದಕ್ಕಿಂತ ಏನು ಬೇಕು ಹೇಳಿ.

ಮುಖವಾಡದ ಒಳಗಿದ್ದ ಮನುಷ್ಯನ ಹೆಸರು ರೊದೋಲ್ಫೋ ಗುಸ್ಮಾನ್ ಉಯೆರ್ತಾ. 1917ರ ಸೆಪ್ಟೆಂಬರ್ 23ರಂದು ಇದಾಲ್ಗೋ ರಾಜ್ಯದ ತುಲಾನ್ಸಿಂಗೋದಲ್ಲಿ ಹುಟ್ಟಿದವರು. ಸಾಂತೋ ಆಗುವ ಮೊದಲು ಬೇರೆ ಬೇರೆ ಹೆಸರಲ್ಲಿ ಕುಸ್ತಿ ಆಡಿದ್ದರು. ಅದರಲ್ಲಿ ಒಂದು ಹೆಸರು 'ಎರಡನೇ ಬಾವಲಿ'. ಆಗಲೇ ಬಾವಲಿ ಅನ್ನುವ ಹೆಸರಿನ ಪೈಲ್ವಾನ್ ಒಬ್ಬರಿದ್ದರು. ಅವರು ತಕರಾರು ಮಾಡಿದರು, ಕುಸ್ತಿ ಆಯೋಗ ಆ ಹೆಸರು ಬಿಡಿ ಅಂತ ಹೇಳಿತು. ಬಾವಲಿ ಅನ್ನುವ ಹೆಸರು ಸಿಗದ ಮನುಷ್ಯ ಇಪ್ಪತ್ತು ವರ್ಷದ ಮೇಲೆ ಪರದೆಯಲ್ಲಿ ಬಾವಲಿಗಳನ್ನು ಅಟ್ಟಿಸಿಕೊಂಡು ಹೋಗುತ್ತಾರೆ! ಯಾರೂ ಬೇಕಂತ ಮಾಡಿದ್ದಲ್ಲ, ಆದರೂ ನನಗೆ ಇದು ಸಿನಿಮಾದ ಕತೆಗಿಂತ ಚೆನ್ನಾಗಿ ಕಾಣುತ್ತದೆ.

1942ರ ಜುಲೈ 26ರಂದು ಬೆಳ್ಳಿ ವೇಷದಲ್ಲಿ ಸಾಂತೋ ಅನ್ನುವ ಹೆಸರಿನಿಂದ ಮೊದಲ ಸಲ ರಿಂಗಿಗೆ ಇಳಿದರು. ಸಾಂತೋ ಅಂದರೆ ಸಂತ. ಹೆಸರು ಸಂತ, ಆಟ ಮಾತ್ರ ರೂದೋನದು. ಇಪ್ಪತ್ತು ವರ್ಷ ಮೋಸದ ಪಂಗಡದಲ್ಲೇ ಇದ್ದರು. ಎದುರಾಳಿಯ ಬೆನ್ನ ಮೇಲೆ ಕುದುರೆ ಸವಾರನ ಹಾಗೆ ಕೂತು, ಗದ್ದಕ್ಕೆ ಕೈಹಾಕಿ ಹಿಂದಕ್ಕೆ ಬಗ್ಗಿಸುವ ಪಟ್ಟು ಅವರದೇ ಗುರುತು. ಅದಕ್ಕೆ 'ಲಾ ದೆ ಅ ಕಬಾಯೋ', ಅಂದರೆ ಕುದುರೆ ಸವಾರಿಯದು, ಅಂತಲೇ ಹೆಸರು. ರಿಂಗಿನಲ್ಲಿ ಅವರು ಒಳ್ಳೆಯವರ ಪಂಗಡಕ್ಕೆ ಬದಲಾಗಿದ್ದು 1962ರಲ್ಲಿ, ಅಂದರೆ ಈ ಸಿನಿಮಾ ಬಂದ ವರ್ಷವೇ. ಪರದೆ ಮೇಲೆ ಹುಡುಗಿಯರನ್ನು ಪಿಶಾಚಿಗಳಿಂದ ಕಾಪಾಡಿ, ಭಾನುವಾರ ರಿಂಗಿನಲ್ಲಿ ಎದುರಾಳಿಯ ಕಣ್ಣಿಗೆ ಬೆರಳು ಹಾಕಿದರೆ ಮಕ್ಕಳಿಗೆ ಏನಂತ ಹೇಳೋದು, ಅಲ್ವಾ?

ಮಕ್ಕಳಿಗೆ ಸಾಂತೋ ಗೊತ್ತಾಗಿದ್ದು ಸಿನಿಮಾಗಿಂತ ಮೊದಲು ಕಾಮಿಕ್ಸಿನಿಂದ. 1952ರಲ್ಲಿ ಹೋಸೆ ಜಿ. ಕ್ರೂಸ್ ಅನ್ನುವವರು ಫೋಟೋ ಕತ್ತರಿಸಿ, ಅಂಟಿಸಿ, ಮೇಲೆ ಬಣ್ಣ ಬಳಿದು ಸಾಂತೋನ ಕತೆ ಪುಸ್ತಕ ತರಲು ಶುರು ಮಾಡಿದರು. ಅದು ಮೂವತ್ತೈದು ವರ್ಷ ಬಂತು. ಅದೇ 1952ರಲ್ಲಿ 'ಬೆಳ್ಳಿ ಮುಖವಾಡದವನು' ಅನ್ನುವ ಅರ್ಥದ ಹೆಸರಿನ ಒಂದು ಚಿತ್ರವೂ ತಯಾರಾಯಿತು. ಅದಕ್ಕೆ ಸಾಂತೋನನ್ನು ಕೇಳಿದಾಗ, ಇದು ಓಡೋದಿಲ್ಲ ಅಂತ ಬೇಡ ಅಂದರಂತೆ. ಇನ್ನೊಬ್ಬ ಪೈಲ್ವಾನ್ ಮಾಡಿದರು. ಸಾಂತೋ ಸಿನಿಮಾಗೆ ಬಂದಿದ್ದು 1958ರಲ್ಲಿ. ಮೊದಲ ಎರಡು ಚಿತ್ರಗಳ ಶೂಟಿಂಗ್ ಕ್ಯೂಬಾದಲ್ಲಿ ನಡೆಯಿತು, ಕ್ರಾಂತಿಕಾರಿ ಕಾಸ್ತ್ರೋ ರಾಜಧಾನಿ ಹವಾನಾಗೆ ನುಗ್ಗುವ ಮುಂಚೆ. ಆ ಚಿತ್ರಗಳಲ್ಲಿ ಅವರು ಹೀರೋ ಅಲ್ಲ, ಹೀರೋನ ಸಹಾಯಕ. ನೋಡಬೇಕು ಅಂತ ಹಠ ಇದ್ದರೆ ನೋಡಿ, ನಾನು ಅರ್ಧಕ್ಕೆ ನಿಲ್ಲಿಸಿದೆ.

ರಿಂಗಿನಲ್ಲಿ ಮುಖವಾಡದ ಮೇಲೆ ಪಂದ್ಯ ಕಟ್ಟುತ್ತಾರೆ. ಸೋತವನು ಎಲ್ಲರ ಮುಂದೆ ಮುಖವಾಡ ತೆಗೆದು, ತನ್ನ ಹೆಸರು ಹೇಳಬೇಕು. ಆಮೇಲೆ ಮತ್ತೆ ಅದನ್ನು ಹಾಕುವ ಹಾಗಿಲ್ಲ. 1952ರ ನವೆಂಬರ್ 7ರಂದು ಸಾಂತೋ ಮತ್ತು ಬ್ಲ್ಯಾಕ್ ಶ್ಯಾಡೋ ನಡುವೆ ಇಂಥ ಪಂದ್ಯ ನಡೆಯಿತು. ಬ್ಲ್ಯಾಕ್ ಶ್ಯಾಡೋ ಸೋತು ಮುಖ ತೋರಿಸಿದರು. ಅವರ ಜೋಡಿ ಬ್ಲೂ ಡೀಮನ್‌ಗೆ ಅದು ಸಿಟ್ಟು ತರಿಸಿತು, ಮುಂದಿನ ವರ್ಷ ಸಾಂತೋನನ್ನು ಸೋಲಿಸಿ ಪಟ್ಟ ಕಿತ್ತುಕೊಂಡರು. ಆ ಇಬ್ಬರೂ ಆಮೇಲೆ ಎಷ್ಟೋ ಸಿನಿಮಾಗಳಲ್ಲಿ ಗೆಳೆಯರಾಗಿ ಬರುತ್ತಾರೆ. ಇದನ್ನು ತಿಳಿದುಕೊಂಡು ಸಿನಿಮಾ ನೋಡಿದರೆ ಆ ತೋಳದ ದೃಶ್ಯಕ್ಕೆ ಬೇರೆಯೇ ಖಾರ. ಟಾಕೀಸಿನಲ್ಲಿ ಕೂತವರಿಗೆ ಮುಖವಾಡ ಕಿತ್ತುಬರುವುದು ಅಂದರೆ ಏನು ಅಂತ ಚೆನ್ನಾಗಿ ಗೊತ್ತಿತ್ತು.

ಮುಖವಾಡದ ಪಂದ್ಯದಲ್ಲಿ ಸಾಂತೋ ಮಾತ್ರ ಎಂದೂ ಸೋಲಲಿಲ್ಲ. ಊಟಕ್ಕೆ ಬೇರೆ ಮುಖವಾಡ ಇತ್ತಂತೆ, ಗದ್ದದ ಕಡೆ ತೆರೆದಿರುವಂಥದ್ದು. ಶೂಟಿಂಗಿಗೆ ವಿದೇಶಕ್ಕೆ ಹೋಗುವಾಗ ತಂಡದವರ ವಿಮಾನ ಬಿಟ್ಟು ಬೇರೆ ವಿಮಾನದಲ್ಲಿ ಹೋಗುತ್ತಿದ್ದರಂತೆ, ಪಾಸ್‌ಪೋರ್ಟ್ ತೋರಿಸುವಾಗ ಮುಖ ಕಾಣಬಾರದು ಅಂತ. ಆ ಊಟದ ಮುಖವಾಡ ಹೊಲಿದವರ ಬಗ್ಗೆ ನನಗೆ ಬಹಳ ಗೌರವ. ಗದ್ದದ ಹತ್ತಿರ ಬಟ್ಟೆ ಇಲ್ಲದಿದ್ದರೆ ಇಡೀ ಮುಖವಾಡ ಮೇಲಕ್ಕೆ ಸರಿಯುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ತಮಾಷೆ ಅಲ್ಲ. ನಾನು ಮಾಡಿ ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಲೇಸಿನ ವಿಷಯಕ್ಕೆ ಬರುತ್ತೇನೆ. ಮೆಕ್ಸಿಕೋದಲ್ಲಿ ಕುಸ್ತಿ ಮುಖವಾಡ ಮೊದಲು ಮಾಡಿದ್ದು ದರ್ಜಿ ಅಲ್ಲ. ಅಂತೋನಿಯೋ ಮಾರ್ತಿನೆಸ್ ಅನ್ನುವ ಚಮ್ಮಾರರು, ಬೂಟು ಹೊಲಿಯುವವರು. 1930ರ ದಶಕದಲ್ಲಿ ಒಬ್ಬ ವಿದೇಶಿ ಪೈಲ್ವಾನ್ ಬಂದು ಮುಖ ಮುಚ್ಚುವಂಥದ್ದೇನಾದರೂ ಮಾಡಿಕೊಡಿ ಅಂತ ಕೇಳಿದರು. ಅವರು ಪಾದದ ಅಳತೆ ತೆಗೆಯುವ ಹಾಗೆ ತಲೆಯ ಅಳತೆ ತೆಗೆದು, ಚರ್ಮದಲ್ಲಿ ಮಾಡಿಕೊಟ್ಟರು. ಹಿಂದೆ ಲೇಸು ಬಂದಿದ್ದು ಹಾಗೆ. ಇದು ಓದಿದಾಗ ನನಗೆ ಸಿಕ್ಕಾಪಟ್ಟೆ ಖುಷಿಯಾಯಿತು. ನನ್ನ ಕಣ್ಣು ಸುಳ್ಳು ಹೇಳಿರಲಿಲ್ಲ, ಅದು ನಿಜವಾಗಿಯೂ ಬೂಟೇ.

ನನ್ನ ಮೊದಲ ಮುಖವಾಡ ಹಾಳಾಯಿತು. ನಾಟಕದ ಹುಡುಗನ ತಲೆಗೆ ಟೇಪು ಸುತ್ತಿ ಅಳತೆ ತೆಗೆದೆ. ಹಣೆಯಿಂದ ಕತ್ತಿನವರೆಗೆ, ಕಿವಿಯಿಂದ ಕಿವಿಗೆ, ಗದ್ದದಿಂದ ನೆತ್ತಿಗೆ. ಹಳೆಯ ಬೆಡ್‌ಶೀಟಿನಲ್ಲಿ ಮಾದರಿ ಮಾಡಿದೆ, ಸರಿಯಾಗಿ ಕೂತಿತು. ಅದೇ ಅಳತೆಯಲ್ಲಿ ಬೆಳ್ಳಿ ಮಿಂಚಿನ ಬಟ್ಟೆ ಕತ್ತರಿಸಿದೆ. ಆ ಬಟ್ಟೆ ಬೆಡ್‌ಶೀಟಿನ ಹಾಗೆ ಅಲ್ಲ. ಒಂದು ಕಡೆ ಎಳೆದರೆ ಬರುತ್ತದೆ, ಇನ್ನೊಂದು ಕಡೆ ಬರೋದಿಲ್ಲ. ಒಮ್ಮೆ ಸೂಜಿ ಇಳಿದರೆ ತೂತು ಹಾಗೇ ಉಳಿಯುತ್ತದೆ, ಬಿಚ್ಚಿ ಮತ್ತೆ ಹೊಲಿದರೆ ಮುಖದ ತುಂಬ ಸಿಡುಬಿನ ಕಲೆ. ಕತ್ತರಿಸಿದ ಅಂಚಿನಿಂದ ಎಳೆ ಬಿಡುತ್ತಲೇ ಇರುತ್ತದೆ. ಹುಡುಗ ಹಾಕಿಕೊಂಡ, ಕಣ್ಣಿನ ತೂತು ಹುಬ್ಬಿನ ಮೇಲೆ ಹೋಗಿ ಕೂತಿತ್ತು. "ಅಕ್ಕಾ, ಏನೂ ಕಾಣ್ತಿಲ್ಲ" ಅಂದ. ಅವನ ಬಾಯಿ ಎಲ್ಲಿದೆ ಅಂತ ನನಗೂ ಕಾಣಲಿಲ್ಲ.

ಸಿನಿಮಾವನ್ನು ಮತ್ತೆ ಹಾಕಿದೆ. ಸಾಂತೋ ಕತ್ತು ತಿರುಗಿಸುವ ದೃಶ್ಯಗಳಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಹಣೆಯ ಮಧ್ಯದಲ್ಲಿ ಜೋಡು ಎಲ್ಲಿ ಬರುತ್ತದೆ, ಕಣ್ಣಿನ ಸುತ್ತ ಪಟ್ಟಿ ಎಷ್ಟು ಅಗಲ, ಲೇಸಿನ ಕೆಳಗೆ ಕೂದಲು ಕಾಣದ ಹಾಗೆ ಏನು ಕೊಟ್ಟಿದ್ದಾರೆ. ಆಗ ಹೊಳೆಯಿತು. ಬೂಟಿಗೆ ನಾಲಿಗೆ ಇರುತ್ತದಲ್ಲ, ಲೇಸಿನ ಕೆಳಗೆ? ಇಲ್ಲೂ ಅದೇ ಬೇಕು. ಒಳಗೆ ಅಸ್ತರು ಕೊಟ್ಟೆ, ಅಂಚಿಗೆ ಪೈಪಿಂಗ್ ಕೊಟ್ಟೆ, ಹಿಂದೆ ನಾಲಿಗೆ ಇಟ್ಟು ಅದರ ಮೇಲೆ ಲೇಸು ಎಳೆದೆ. ಲೇಸು ಬಿಗಿ ಮಾಡಿದ ಹಾಗೆ ಮುಂದಿನ ಸುಕ್ಕೆಲ್ಲ ಒಂದೊಂದಾಗಿ ಹಿಂದಕ್ಕೆ ಸರಿದು, ಹುಡುಗನ ಮುಖ ಹೋಗಿ ಅಲ್ಲಿ ಸಾಂತೋನ ಮುಖ ಬಂತು. ಅವನು ಕನ್ನಡಿ ಮುಂದೆ ನಿಂತು ಎದೆ ಸೆಟೆಸಿದ. ನಾನು ಹೇಳಿಕೊಟ್ಟಿರಲಿಲ್ಲ.

ಪರದೆಯ ಮೇಲೆ ಸಾಂತೋ ಯಾಕೆ ಸದಾ ಹಾಗೆ ನೆಟ್ಟಗೆ ನಿಲ್ಲುತ್ತಾನೆ ಅಂತ ಅವತ್ತು ಗೊತ್ತಾಯಿತು. ಮುಖದಲ್ಲಿ ಹೇಳೋದಕ್ಕೆ ಆಗದ್ದನ್ನೆಲ್ಲ ಭುಜದಲ್ಲಿ, ಕೈಯಲ್ಲಿ ಹೇಳಬೇಕು. ಅವನ ಎಷ್ಟೋ ಚಿತ್ರಗಳಲ್ಲಿ ದನಿ ಕೂಡ ಬೇರೆಯವರದು. ಮುಖ ಇಲ್ಲ, ದನಿ ಇಲ್ಲ, ಇರೋದು ಮೈಕಟ್ಟು ಮತ್ತು ನಡಿಗೆ. ಆಗ ಅವರಿಗೆ ನಲವತ್ತು ದಾಟಿತ್ತು. ತೀರಾ ಎತ್ತರವಲ್ಲ, ಗಟ್ಟಿಮುಟ್ಟಾದ, ಸ್ವಲ್ಪ ಹೊಟ್ಟೆ ಬಂದ ಮನುಷ್ಯ. ಕೇಪು ಬಿಚ್ಚಿ ಪಕ್ಕಕ್ಕೆ ಇಡುವ ರೀತಿ ನೋಡಿ. ಎಸೆಯೋದಿಲ್ಲ. ಕೆಲಸಕ್ಕೆ ಹೋದವರು ಕೋಟು ತೆಗೆದು ಮೊಳೆಗೆ ಸಿಗಿಸುವ ಹಾಗೆ ತೆಗೆಯುತ್ತಾನೆ.

ಯಾವ ಪ್ರತಿ ನೋಡಬೇಕು ಅನ್ನೋದು ಮುಖ್ಯ. ನಾನು ಮೊದಲು ತರಿಸಿದ ಡಿವಿಡಿ ಶುದ್ಧ ದಂಡ. ಮಾರಿದವರು ಪೆಟ್ಟಿಗೆ ಮೇಲೆ ಸೊಗಸಾದ ಪೋಸ್ಟರ್ ಹಾಕಿದ್ದರು, ಒಳಗೆ ಕತ್ತಲೆ. ಬೆಳ್ಳಿ ಮುಖವಾಡ ಬೂದಿ ಬಣ್ಣಕ್ಕೆ ತಿರುಗಿತ್ತು, ಬಂಗಲೆಯ ದೃಶ್ಯದಲ್ಲಿ ಯಾರು ಯಾರನ್ನು ಕಚ್ಚುತ್ತಿದ್ದಾರೆ ಅಂತಲೇ ಗೊತ್ತಾಗಲಿಲ್ಲ. ಅದು ಇಂಗ್ಲಿಷ್ ದನಿ ಸೇರಿಸಿದ ಪ್ರತಿ ಬೇರೆ. ಅಮೆರಿಕದ ಕೆ. ಗಾರ್ಡನ್ ಮರ್ರಿ ಅನ್ನುವವರು ಇದನ್ನು ಇಂಗ್ಲಿಷಿಗೆ ತಂದಾಗ ಸಾಂತೋನ ಹೆಸರನ್ನೇ ಸ್ಯಾಮ್ಸನ್ ಅಂತ ಬದಲಾಯಿಸಿದ್ದರು. ಸಂತನನ್ನು ಹೋಗಿ ಸ್ಯಾಮ್ಸನ್ ಮಾಡಿದರೆ ಆ ಮುಖವಾಡಕ್ಕೆ ಅರ್ಥವೇ ಉಳಿಯೋದಿಲ್ಲ. ಮಾತೂ ತುಟಿಗೆ ಕೂರೋದಿಲ್ಲ. ಸಾಂತೋನ ಬಾಯಿ ಅರ್ಧ ಮುಚ್ಚಿರೋದರಿಂದ ಅವನೊಬ್ಬ ಬಚಾವ್. ದುಡ್ಡು ವಾಪಸ್ ಕೇಳಿದೆ, ಪೆಟ್ಟಿಗೆ ಒಡೆದಿದ್ದೀರಿ, ಆಗೋದಿಲ್ಲ ಅಂದರು. ಒಡೆಯದೆ ನೋಡೋದು ಹೇಗೆ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಆಮೇಲೆ ಸ್ಪ್ಯಾನಿಷ್ ದನಿ, ಕೆಳಗೆ ಇಂಗ್ಲಿಷ್ ಬರಹ ಇರುವ ಸ್ವಚ್ಛ ಪ್ರತಿ ಸಿಕ್ಕಿತು. ಅದರಲ್ಲಿ ಬೆಳಕು ಆ ಬಟ್ಟೆಯ ಮೇಲೆ ಬೀಳೋದನ್ನು ನೋಡಬೇಕು. ಕಪ್ಪು ಬಿಳುಪಿನಲ್ಲಿ ಬೆಳ್ಳಿ ಬಣ್ಣಕ್ಕೆ ಒಂದು ಲಾಭ ಇದೆ. ಸುತ್ತ ಎಲ್ಲ ಮಸುಕಾಗಿದ್ದಾಗ ಅವನ ತಲೆ ಒಂದೇ ದೀಪದ ಹಾಗೆ ಉರಿಯುತ್ತದೆ. ಕೊನೆಗೆ ಬಿಸಿಲು ಬಿದ್ದು ಪಿಶಾಚಿಗಳು ಉರಿಯುವಾಗ, ಸಾಂತೋ ಪಂಜು ಹಿಡಿದು ಶವಪೆಟ್ಟಿಗೆಗಳಿಗೆ ಬೆಂಕಿ ಇಡುತ್ತಾ ಹೋಗುತ್ತಾನೆ. ಒಂದೊಂದು ಪೆಟ್ಟಿಗೆ ಹತ್ತಿಕೊಂಡಾಗಲೂ ಮುಖವಾಡದ ಮೇಲೆ ಬೆಳಕು ಕುಣಿಯುತ್ತದೆ. ಬಣ್ಣದ ಸಿನಿಮಾ ಆಗಿದ್ದರೆ ಇದು ಬರುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಬಣ್ಣದಲ್ಲೂ ಒಂದು ನೋಡಿದೆ, 1972ರ 'ಲಾಸ್ ಮೋಮಿಯಾಸ್ ದೆ ಗ್ವಾನಾಹ್ವಾತೋ'. ಗ್ವಾನಾಹ್ವಾತೋ ಊರಿನ ಮಮ್ಮಿಗಳು ಎದ್ದು ಓಡಾಡುವ ಕತೆ. ಆ ಮಮ್ಮಿಗಳು ನಿಜವಾಗಿಯೂ ಇವೆ, ಅಲ್ಲಿನ ಸ್ಮಶಾನದಿಂದ ತೆಗೆದು ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಊರು ನೋಡೋದಕ್ಕೆ ಚಂದ. ಬ್ಲೂ ಡೀಮನ್ ಮತ್ತು ಮಿಲ್ ಮಾಸ್ಕರಾಸ್ ಅನ್ನುವ ಇನ್ನೊಬ್ಬ ಪೈಲ್ವಾನ್ ಪೂರ್ತಿ ಸಿನಿಮಾ ಒದ್ದಾಡುತ್ತಾರೆ. ಸಾಂತೋ ಕೊನೆಗೆ ಬಂದು, ಬೆಂಕಿ ಉಗುಳುವ ಪಿಸ್ತೂಲು ಹಂಚಿ, ಎಲ್ಲ ಮುಗಿಸಿ ಹೆಸರು ತಗೊಂಡು ಹೋಗುತ್ತಾನೆ. ಬ್ಲೂ ಡೀಮನ್ ಪರವಾಗಿ ನನಗೆ ಹೊಟ್ಟೆ ಉರಿಯಿತು. ಮಕ್ಕಳ ಜೊತೆ ಕೂತು ನೋಡೋದಕ್ಕೆ ಅದು ಚೆನ್ನಾಗಿದೆ. ಒಬ್ಬರೇ, ದೀಪ ಆರಿಸಿ ನೋಡೋದಕ್ಕೆ 1962ರದ್ದು.

ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಒಂದು ಕಳೆದಿದ್ದು ಪ್ರೊಫೆಸರಿಗಾಗಿ. ಬಾವಲಿಗೂ ಅರ್ಧ ಕಳೆಯಬೇಕಿತ್ತು, ಲೋರೆನಾ ವೆಲಾಸ್ಕೆಸ್ ಮುಖ ನೋಡಿ ಬಿಟ್ಟೆ.

1982ರಲ್ಲಿ ಸಾಂತೋ ಕುಸ್ತಿ ಬಿಟ್ಟರು. 1984ರ ಜನವರಿಯಲ್ಲಿ ಹಾಕೋಬೋ ಸಾಬ್ಲುದೋವ್ಸ್ಕಿ ಅವರ ಟಿವಿ ಕಾರ್ಯಕ್ರಮಕ್ಕೆ ಬಂದಾಗ, ಯಾರೂ ನಿರೀಕ್ಷೆ ಮಾಡದಿದ್ದಾಗ ಮುಖವಾಡವನ್ನು ಸ್ವಲ್ಪ ಮೇಲೆತ್ತಿ ಮುಖ ತೋರಿಸಿದರು. ಪೂರ್ತಿ ಅಲ್ಲ, ಸ್ವಲ್ಪವೇ. ಆ ತುಣುಕನ್ನು ನಾನು ನೋಡಿದೆ. ವಯಸ್ಸಾದ ಮನುಷ್ಯನ ಕೆನ್ನೆ, ಗದ್ದ. ಲೇಸು ಬಿಚ್ಚಲಿಲ್ಲ, ಕೆಳಗಿನಿಂದ ಹಾಗೇ ಎತ್ತಿ, ಮತ್ತೆ ಕೆಳಗಿಳಿಸಿ, ಕೈಯಲ್ಲಿ ಸರಿ ಮಾಡಿಕೊಂಡರು. ಕೆಲವೇ ದಿನಕ್ಕೆ, ಫೆಬ್ರವರಿ 5ರಂದು ಹೃದಯಾಘಾತದಿಂದ ತೀರಿಕೊಂಡರು. ಮುಖವಾಡ ಹಾಕಿಯೇ ಮಣ್ಣು ಮಾಡಿದರು. ಅಂಗಾತ ಮಲಗಿಸಿದರೆ ಲೇಸು ತಲೆಯ ಕೆಳಗೆ ಹೋಗುತ್ತದೆ, ಯಾರಿಗೂ ಕಾಣೋದಿಲ್ಲ. ಆದರೂ ಯಾರೋ ಅವರ ತಲೆ ಎತ್ತಿ ಹಿಡಿದಿರಬೇಕು, ಇನ್ನೊಬ್ಬರು ಹಿಂದೆ ಕೂತು ನಾಲಿಗೆ ಸರಿ ಮಾಡಿ, ಕೆಳಗಿನವರೆಗೆ ಎಳೆದು ಗಂಟು ಹಾಕಿರಬೇಕು.